ರೈಬೋಸೋಮಿನ ಹತ್ತು ಅಂಕ

ಪದವಿ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವ ಕೋಣೆಯಲ್ಲಿ ನಾನು ಇಪ್ಪತ್ತೆರಡು ಬೇಸಿಗೆ ಕಳೆದಿದ್ದೇನೆ. ಅಷ್ಟು ವರ್ಷಗಳಲ್ಲಿ ಉತ್ತರವನ್ನು ಓದುವವರನ್ನು ಕಂಡದ್ದು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಅಳೆಯುವವರು. ಎರಡು ಪುಟ ಇದ್ದರೆ ಆರು ಅಂಕ, ಚಿತ್ರ ಇದ್ದರೆ ಏಳು, ತಲೆಬರಹದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದರೆ ಎಂಟು. ನನ್ನ ಪಕ್ಕದ ಕುರ್ಚಿಯ ಪ್ರಾಧ್ಯಾಪಕರು ಬಲಗೈಯಿಂದ ಅಂಕ ಹಾಕುತ್ತ ಎಡಗೈಯಿಂದ ಮೊಬೈಲಿನಲ್ಲಿ ತಮ್ಮ ಹೊಸ ಮನೆಯ ಗ್ರಾನೈಟ್ ತೋರಿಸುತ್ತಿದ್ದರು. ಆಚೆಯವರು ಬೆಳಿಗ್ಗೆ ಬಂದವರೇ ‘ಇವತ್ತ ನಾ ಜಲ್ದಿ ಹೋಗಾಂವ್ ನೋಡ್ರಿ’ ಎಂದು ಸಾರಿ, ಊಟದ ಹೊತ್ತಿಗೆ ಇಡೀ ದಿನದ ಕಟ್ಟು ಮುಗಿಸಿ ಬಿಡುತ್ತಿದ್ದರು. ಅದರಲ್ಲಿ ಫೇಲಾದ ಮಕ್ಕಳ ಶಾಪ ಇವರಲ್ಲಿ ಒಬ್ಬರಿಗೂ ತಟ್ಟಿದ್ದನ್ನು ನಾನು ಕಾಣೆ. ಎಲ್ಲರೂ ಗಟ್ಟಿಮುಟ್ಟಾಗಿಯೇ ಇದ್ದಾರೆ.

ಈ ಕೋಣೆಯ ದೇವರು ಕೀ. ಪ್ರಶ್ನೆ ಪತ್ರಿಕೆಯ ಜೊತೆ ಬರುವ ಮಾದರಿ ಉತ್ತರಕ್ಕೆ ನಾವು ಹಾಗೆನ್ನುತ್ತೇವೆ. ಮೊದಲ ದಿನ ಬೆಳಿಗ್ಗೆ ಮಂಡಳಿಯ ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಯಾರದಾದರೂ ತಕರಾರಿದೆಯೇ ಎಂದು ಕೇಳುತ್ತಾರೆ. ಯಾರದೂ ಇರುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಚಹಾ ಬಂದಿರುತ್ತದೆ. ಎಲ್ಲರೂ ಕೆಳಗೆ ಸಹಿ ಹಾಕುತ್ತಾರೆ. ಅಲ್ಲಿಂದ ಮುಂದೆ ಕೀಯಲ್ಲಿ ಇದ್ದದ್ದು ಬರೆದವನಿಗೆ ಅಂಕ, ಇಲ್ಲದ್ದು ಬರೆದವನಿಗೆ ಸೊನ್ನೆ. ಎತ್ತು ಈದಿದೆ ಎಂದು ಕೀಯಲ್ಲಿದ್ದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿದವನಿಗೆ ಪೂರ್ತಿ ಅಂಕ ಕೊಡುವ ಜನ ಇವರು.

ಅಧ್ಯಕ್ಷರು ಗುಂಡಗಿನ ಮನುಷ್ಯ. ಯಾವ ಮಾತಿಗೂ ‘ಹೌದಲ್ರಿ ಮತ್ತ’ ಎನ್ನುವವರು. ಗೈಡು ನೋಡಿ ಪಾಠ ಮಾಡಿ, ಗೈಡು ನೋಡಿ ಪ್ರಶ್ನೆ ತೆಗೆದು, ಗೈಡು ನೋಡಿ ಕೀ ಬರೆದು ನಿವೃತ್ತಿಯ ಹೊಸ್ತಿಲಿಗೆ ಬಂದಿದ್ದರು. ಅವರನ್ನು ನಾನು ಮನಸ್ಸಿನಲ್ಲಿ ಕತ್ತೆ ಎಂದೇ ಕರೆಯುತ್ತಿದ್ದೆ, ಬಾಯಲ್ಲಿ ಸರ್ ಎನ್ನುತ್ತಿದ್ದೆ. ನಾವು ಜೈನರು, ಉಳ್ಳಾಗಡ್ಡಿ ತಿನ್ನುವುದಿಲ್ಲ. ಸಂಜೆ ಎಲ್ಲರಿಗೂ ಉಳ್ಳಾಗಡ್ಡಿ ಭಜಿ ಬಂದಾಗ ಅವರು ನನಗಾಗಿ ಬಾಳೆಕಾಯಿ ಭಜಿಯನ್ನು ಬೇರೆ ಕಾಗದದಲ್ಲಿ ಕಟ್ಟಿಸಿ ತರಿಸುತ್ತಿದ್ದರು. ಅದನ್ನೂ ಓಲೈಕೆ ಎಂದೇ ಎಣಿಸಿ ತಿನ್ನುತ್ತಿದ್ದೆ.

ನನ್ನ ಕೆಲಸ ಖಾನಾಪುರದ ಕಾಲೇಜಿನಲ್ಲಿ. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಸ್ಟೇಶನ್ನಿಗೆ ನಡೆದೇ ಹೋಗಬಹುದು. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯದರಲ್ಲಿ ಬರುತ್ತೇನೆ. ರೈಲಿನಲ್ಲಿ ನನ್ನಂತೆ ಹೋಗಿಬರುವ ನೌಕರರ ಗುಂಪಿದೆ. ತುಟ್ಟಿಭತ್ಯೆ ಬಿಟ್ಟು ಬೇರೆ ಮಾತು ಅವರಿಗೆ ಗೊತ್ತಿಲ್ಲ. ಅವರಿಂದ ತಪ್ಪಿಸಿಕೊಳ್ಳಲೆಂದೇ ನಾನು ರೈಲಿನಲ್ಲಿ ಓದುವುದನ್ನು ರೂಢಿಸಿಕೊಂಡೆ. ರೈಬೋಸೋಮಿನ ವಿಷಯ ಹೀಗೆ ಓದಿ ಓದಿ ನನಗೆ ಹುಚ್ಚು ಹಿಡಿಸಿದ್ದು.

ಹುಚ್ಚು ಹಿಡಿಸುವಂಥದ್ದೇ ಅದು. ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರ ರೈಬೋಸೋಮ್. ಏನು ಕಟ್ಟಬೇಕೆಂಬ ಆದೇಶ ಸಂದೇಶವಾಹಕ ಆರ್‌ಎನ್‌ಎ ಎಂಬ ಉದ್ದನೆಯ ಎಳೆಯಲ್ಲಿ ಬರೆದಿರುತ್ತದೆ. ಆದೇಶ ಶುರುವಾಗುವುದು ಎ-ಯು-ಜಿ ಎಂಬ ಮೂರು ಅಕ್ಷರಗಳಿಂದ, ಪುಸ್ತಕದ ಮಾತಿನಲ್ಲಿ ಇದೇ ಆರಂಭದ ಕೋಡಾನ್. ತೊಂದರೆಯೆಂದರೆ ಆ ಮೂರು ಅಕ್ಷರಗಳು ಎಳೆಯಲ್ಲಿ ಎಲ್ಲೆಲ್ಲೋ ಇರುತ್ತವೆ. ಯಾವುದರಿಂದ ಶುರು ಮಾಡಬೇಕು? ಒಂದೇ ಒಂದು ಅಕ್ಷರ ಆಚೀಚೆಯಾದರೂ ಕಟ್ಟಿದ್ದೆಲ್ಲ ಕಸ.

ಇದನ್ನು ತರಗತಿಯಲ್ಲಿ ಹೇಳಲು ನಾನು ನಮ್ಮಪ್ಪನನ್ನು ಕರೆತರುತ್ತಿದ್ದೆ. ಅಪ್ಪ ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡಿದವರು. ಮಾಲು ಕೊಳ್ಳಲು ಹೋದರೆ ಬೀದಿಯ ನಡುವೆ ರಿಕ್ಷಾದಿಂದ ಇಳಿದವರಲ್ಲ. ಬೀದಿಯ ಬಾಯಲ್ಲೇ ಇಳಿದು, ಒಂದು ತುದಿಯಿಂದ ನಡೆದುಕೊಂಡು, ಒಂದೊಂದೇ ಅಂಗಡಿ ನೋಡುತ್ತ ಹೋಗುತ್ತಿದ್ದರು. ಮೊದಲ ಬೋರ್ಡು ಕಂಡ ಕೂಡಲೇ ಕೂರುತ್ತಲೂ ಇರಲಿಲ್ಲ. ‘ಬೋರ್ಡ್ ಎಲ್ಲಾರೂ ಹಾಕ್ತಾರ, ಬಾಜೂದವ್ರು ಯಾರದಾರ ನೋಡು’ ಎನ್ನುತ್ತಿದ್ದರು. ಬೆನ್ನೆಲುಬಿರುವ ಪ್ರಾಣಿಗಳ ರೈಬೋಸೋಮು ಮಾಡುವುದೂ ಇದನ್ನೇ. ಎಳೆಯ ಒಂದು ತುದಿಯಲ್ಲಿ ಟೊಪ್ಪಿಗೆಯಂಥ ಗುರುತಿದೆ, ಅದೇ ಬೀದಿಯ ಬಾಯಿ. ಯಂತ್ರದ ಚಿಕ್ಕ ಭಾಗ ಅಲ್ಲಿ ಹತ್ತಿ, ಅಕ್ಷರ ಅಕ್ಷರ ತಡವುತ್ತ ಮುಂದೆ ಸಾಗುತ್ತದೆ. ಎ-ಯು-ಜಿ ಸಿಕ್ಕಾಗ ಅದರ ಆಜುಬಾಜು ನೋಡುತ್ತದೆ. ಮೂರು ಅಕ್ಷರ ಹಿಂದೆ ಎ ಅಥವಾ ಜಿ ಇದೆಯೇ? ಎ ಇದ್ದರೆ ಇನ್ನೂ ಲೇಸು. ಎ-ಯು-ಜಿ ಮುಗಿದ ಕೂಡಲೇ ಬರುವ ಅಕ್ಷರ ಜಿಯೇ? ಎರಡೂ ಸರಿಯಿದ್ದರೆ ಸಾಮಾನ್ಯವಾಗಿ ಅಲ್ಲೇ ಶುರು. ಇಲ್ಲವಾದರೆ ಎಷ್ಟೋ ಸಲ ದಾಟಿ ಮುಂದಿನದಕ್ಕೆ ಹೋಗುತ್ತದೆ.

ಬ್ಯಾಕ್ಟೀರಿಯಾಗಳ ಕತೆ ಬೇರೆ. ಅಲ್ಲಿ ತುದಿಯಿಂದ ನಡೆಯುವ ಗೊಡವೆಯಿಲ್ಲ. ಎ-ಯು-ಜಿಗೆ ಸ್ವಲ್ಪ ಮೊದಲು ಗುರುತಿನ ಅಕ್ಷರಗಳ ಒಂದು ಸಾಲಿರುತ್ತದೆ, ರೈಬೋಸೋಮು ನೇರವಾಗಿ ಅಲ್ಲೇ ಹೋಗಿ ಅಂಟಿಕೊಳ್ಳುತ್ತದೆ. ಇವೆರಡನ್ನೂ ಬೆರೆಸಬೇಡಿ ಎಂದು ಪ್ರತಿ ವರ್ಷ ಮೂರು ಸಲ ಹೇಳುತ್ತೇನೆ. ಪ್ರತಿ ವರ್ಷ ಮುಕ್ಕಾಲು ತರಗತಿ ಕಿನ್ನರಿ ಕೇಳಿದ ಕೋಣನಂತೆ ಕೂತಿರುತ್ತದೆ.

ಮೂರು ವರ್ಷಗಳ ಹಿಂದೆ ಒಬ್ಬ ಹುಡುಗಿ ಹಾಗೆ ಕೂರಲಿಲ್ಲ. ಹಲಸಿಯ ಕಡೆಯವಳು, ಬಸ್ಸಿಗೆ ಬರುತ್ತಿದ್ದಳು. ಮನೆಮಾತು ಮರಾಠಿ, ಕಲಿತದ್ದೂ ಮರಾಠಿ ಶಾಲೆಯಲ್ಲಿ. ಇಂಗ್ಲಿಷ್ ಅವಳಿಗೆ ಕಬ್ಬಿಣದ ಕಡಲೆ, ಹಾಗಾಗಿ ಪರೀಕ್ಷೆಯನ್ನು ನಿಧಾನವಾದ ಕನ್ನಡದಲ್ಲಿ ಬರೆಯುತ್ತಿದ್ದಳು. ಅಂದು ಎದ್ದು ನಿಂತು ಕೇಳಿದಳು:

‘ಮೇಡಮ್, ಬಾಜೂದವ್ರು ಸರಿ ಇಲ್ಲಂದ್ರ ಎಲ್ಲಾ ರೈಬೋಸೋಮೂ ಆ ಅಂಗಡಿ ಬಿಟ್ಟ ಮುಂದ ಹೋಗ್ತಾವೇನ್ರಿ?’

‘ಎಲ್ಲಾ ಅಲ್ಲ. ಕೆಲವು ಅಲ್ಲೇ ಕುಂದರ್ತಾವ, ಕೆಲವು ಮುಂದ ಹೋಗ್ತಾವ’ ಎಂದೆ.

‘ಹಂಗಾರ ಒಂದ ಸಂದೇಶದಿಂದ ಎರಡ ಥರದ ಪ್ರೋಟೀನ್ ಆಗಬಹುದಲ್ರಿ?’

ಆಗುತ್ತದೆ. ಅದು ನಿಜವಾಗಿ ಆಗುವ ಸಂಗತಿ. ಇಪ್ಪತ್ತು ವರ್ಷ ಪಾಠ ಮಾಡಿದರೂ ಅದನ್ನು ತಾನಾಗಿ ಯೋಚಿಸಿ ಕೇಳಿದ ಮಗುವನ್ನು ನಾನು ಕಂಡಿರಲಿಲ್ಲ. ನನಗೆ ಖುಷಿಯಾಯಿತು ಎಂದು ಬರೆದರೆ ಕಡಿಮೆಯಾಗುತ್ತದೆ. ಅವತ್ತು ಸಂಜೆ ರೈಲಿನಲ್ಲಿ ತುಟ್ಟಿಭತ್ಯೆಯ ಗುಂಪಿನ ಜೊತೆಗೂ ನಗುತ್ತ ಮಾತಾಡಿದೆ.

ಅವಳ ಕೊನೆಯ ಸೆಮಿಸ್ಟರಿನ ಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಅದೇ ಪ್ರಶ್ನೆ ಬಂತು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ರೈಬೋಸೋಮು ಆರಂಭದ ಕೋಡಾನನ್ನು ಹೇಗೆ ಆರಿಸುತ್ತದೆ? ಕೀಯನ್ನು ಅಧ್ಯಕ್ಷರು ಬೆಳಿಗ್ಗೆ ಓದಿದರು. ಅವರ ಗೈಡಿನಲ್ಲಿ ಇದ್ದದ್ದು ಬ್ಯಾಕ್ಟೀರಿಯಾದ ಉತ್ತರ. ಅದನ್ನೇ ಬರೆದಿದ್ದರು. ಗುರುತಿನ ಸಾಲು ಬರೆದರೆ ನಾಲ್ಕು, ರೈಬೋಸೋಮು ಅಲ್ಲಿ ಅಂಟುತ್ತದೆ ಎಂದರೆ ಮೂರು, ಚಿತ್ರಕ್ಕೆ ಮೂರು. ತುದಿಯಿಂದ ನಡೆಯುವ ಮಾತಿಲ್ಲ, ಆಜುಬಾಜಿನ ಸುದ್ದಿಯಿಲ್ಲ.

‘ಯಾರದರ ಏನರ ಅಬ್ಜೆಕ್ಷನ್ ಐತೇನ್ರಿ?’ ಎಂದು ಅಧ್ಯಕ್ಷರು ಕೇಳಿದರು. ನನ್ನ ಕಡೆಯೂ ನೋಡಿದರು.

ನಾನು ಮುಗುಳ್ನಕ್ಕೆ. ಆ ನಗೆಯ ಬಗ್ಗೆ ನನಗೆ ಆಗ ಹೆಮ್ಮೆಯೂ ಇತ್ತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ, ಇವರ ಜೊತೆ ವಾದಿಸಿ ನನ್ನ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ ಎಂದುಕೊಂಡೆ. ನನಗೆ ಹೆದರಿಕೆ ಇರಲಿಲ್ಲ. ನೌಕರಿ ಕಾಯಂ, ಯಾರ ಹಂಗೂ ಇರಲಿಲ್ಲ. ಬಾಯಿ ಬಿಡದಿದ್ದುದಕ್ಕೆ ಕಾರಣ ಒಂದೇ, ಇವರನ್ನು ತಿದ್ದುವುದು ನನ್ನ ಯೋಗ್ಯತೆಗೆ ಕಡಿಮೆ ಎನ್ನಿಸಿತು. ಸಹಿ ಹಾಕಿ ಚಹಾ ಕುಡಿದೆ.

ಕನ್ನಡದಲ್ಲಿ ಬರೆದ ಪತ್ರಿಕೆಗಳನ್ನು ಬೇರೆ ಯಾರೂ ಮುಟ್ಟುವುದಿಲ್ಲ, ಎಲ್ಲ ನನ್ನ ಮೇಜಿಗೇ ಬರುತ್ತವೆ. ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ಮೂರನೇ ದಿನ ಒಂದು ಪತ್ರಿಕೆ ತೆರೆದಾಗ ಹೆಸರು ಬೇಕಾಗಲಿಲ್ಲ. ಮೂರು ಪುಟ ತುಂಬ ರೈಬೋಸೋಮು. ಬೀದಿಯ ಬಾಯಿ, ಬೋರ್ಡು, ಬಾಜೂದವರು, ಮೂರು ಅಕ್ಷರ ಹಿಂದಿನ ಎ, ಕೊನೆಗೆ ಎರಡು ಥರದ ಪ್ರೋಟೀನು. ಕನ್ನಡದ ನಡುವೆ ಅಲ್ಲಲ್ಲಿ ಮರಾಠಿ ಇಣುಕುತ್ತಿತ್ತು. ವಾರ ವಾರ ಪ್ರಾಯೋಗಿಕ ಪುಸ್ತಕದಲ್ಲಿ ನೋಡಿದ ಅಕ್ಷರ ಅದು. ಇಷ್ಟದ ಪ್ರಶ್ನೆ ಸಿಕ್ಕ ಖುಷಿಯಲ್ಲಿ ಅದನ್ನೇ ಬರೆಯುತ್ತ ಕೂತು, ಬೇರೆ ಎರಡು ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ ಆ ಹುಚ್ಚಿ.

ಕೀಯಲ್ಲಿ ಇದ್ದದ್ದು ಒಂದೂ ಅದರಲ್ಲಿರಲಿಲ್ಲ. ನಾನು ಸೊನ್ನೆ ಹಾಕಿದೆ.

ಎರಡು ಮೂರು ಅಂಕ ಹೇಗೋ ಕೊಡಬಹುದಿತ್ತು. ಅಂಥ ಔದಾರ್ಯವನ್ನು ಪಕ್ಕದ ಗ್ರಾನೈಟ್ ಪ್ರಾಧ್ಯಾಪಕರೂ ಮಾಡುತ್ತಿದ್ದರು. ನನಗೆ ಆಗ ಬೇಕಾಗಿದ್ದದ್ದು ಸೇಡು. ಕೀ ಬೇಕೇ, ತಗೊಳ್ಳಿ, ಕೀ ಪ್ರಕಾರ ಇಡೀ ತಾಲೂಕಿನಲ್ಲೇ ಒಳ್ಳೆಯ ಉತ್ತರಕ್ಕೆ ಸೊನ್ನೆ ಬರುತ್ತದೆ ನೋಡಿ, ಎಂದು ಕತ್ತೆಯ ಮುಖಕ್ಕೆ ಹೊಡೆದಂತೆ ಬರೆದೆ. ಹೊಡೆತ ಅವರಿಗೆ ಗೊತ್ತೇ ಆಗಲಿಲ್ಲ. ಅವರು ಬಾಗಿಲಲ್ಲಿ ನಿಂತು ಭಜಿಯವನಿಗೆ ಹೇಳಿ ಕಳಿಸುತ್ತಿದ್ದರು. ಕೂಡಿಸಿದಾಗ ಅವಳಿಗೆ ಇಪ್ಪತ್ತು ಬಂತು. ಪಾಸಿಗೆ ಇಪ್ಪತ್ನಾಲ್ಕು ಬೇಕು. ಎದ್ದು ಹತ್ತು ಹೆಜ್ಜೆ ನಡೆದು ಅಧ್ಯಕ್ಷರಿಗೆ ಒಂದು ಮಾತು ಹೇಳಬಹುದಿತ್ತು. ನಾನು ಪತ್ರಿಕೆಗಳ ಕಟ್ಟಿಗೆ ದಾರ ಸುತ್ತಿದೆ.

ಅವಳು ಟಿಳಕವಾಡಿಯ ನಮ್ಮ ಮನೆಗೆ ಬಂದದ್ದು ಫಲಿತಾಂಶ ಬಂದು ಮೂರು ವಾರಕ್ಕೆ. ಅಷ್ಟರಲ್ಲಿ ಎಂ.ಎಸ್ಸಿ. ಪ್ರವೇಶದ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಆದರೆ ಆ ಒಂದು ಪತ್ರಿಕೆಯನ್ನು ಪೂರಕ ಪರೀಕ್ಷೆಯಲ್ಲಿ ಪಾಸು ಮಾಡಿದರೆ ಮಾತ್ರ ಸೀಟು, ಇಲ್ಲವಾದರೆ ಹಿಂದಿನವರಿಗೆ. ಉತ್ತರ ಪತ್ರಿಕೆಯ ನಕಲಿಗೆ ಅರ್ಜಿ ಹಾಕಿ ತರಿಸಿಕೊಂಡಿದ್ದಳು. ತಿದ್ದಿದವರ ಸಹಿಯನ್ನು ಕಚೇರಿಯವರು ಬಹಳ ಜಾಗರೂಕತೆಯಿಂದ ಮರೆಮಾಡಿ ಕೊಟ್ಟಿದ್ದರು. ಆದರೆ ಕೀಯ ನಕಲನ್ನು ಜೊತೆಗಿಟ್ಟಿದ್ದರು. ಅದರ ಕೆಳಗೆ ಎಲ್ಲರ ಸಹಿಗಳೂ ಕಣ್ಣಿಗೆ ರಾಚುವಂತೆ ಇದ್ದವು. ನಮ್ಮ ಕಚೇರಿಗಳ ಗೌಪ್ಯ ಅಂದರೆ ಹೀಗೆ, ಮುಂಬಾಗಿಲಿಗೆ ಬೀಗ, ಹಿತ್ತಲು ಹಾರುಹೊಡೆದದ್ದು.

‘ಬಾರವಾ, ಕುಂದರು’ ಎಂದೆ. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಬೈಯಲು ಬಂದಿದ್ದಾಳೆ ಎಂದುಕೊಂಡು ನಾನು ಉತ್ತರ ಹೊಂದಿಸಿಟ್ಟುಕೊಂಡಿದ್ದೆ.

ಅವಳು ಕೀಯ ಹಾಳೆಯನ್ನು ಟೀಪಾಯಿಯ ಮೇಲೆ ಇಟ್ಟು ಹೇಳಿದಳು, ‘ಮೇಡಮ್, ಇದ್ರಾಗ ನಿಮ್ಮ ಸಹಿ ಐತ್ರಿ. ಹಂಗಾರ ಕ್ಲಾಸಿನ್ಯಾಗ ಹೇಳಿದ್ದು ತಪ್ಪಿತ್ತೇನ್ರಿ? ಆಮ್ಯಾಲೆ ಯಾರರ ಹೊಸಾದು ಕಂಡಹಿಡದಾರೇನ್ರಿ?’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಸಹಿ ಹಾಕಿದ್ದೇನೆ ಎಂದರೆ ಕೀಯೇ ಸರಿಯಿರಬೇಕು ಎಂದು ನಂಬಿ ಬಂದಿದ್ದಳು. ತಿಳಿದೂ ತಿಳಿದೂ ತಪ್ಪಿಗೆ ಸಹಿ ಹಾಕುವ ಹೆಂಗಸು ನಾನಿರಬಹುದು ಎಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

‘ಕ್ಲಾಸಿನ್ಯಾಗ ಹೇಳಿದ್ದ ಖರೇ’ ಎಂದೆ.

‘ಮತ್ತ ಸಹಿ?’

‘ಎಲ್ಲಾರೂ ಹಾಕಿದ್ರು, ಹಾಕಿದ್ನಿ’ ಎಂದೆ. ಸುಳ್ಳು ಅದು. ಎಲ್ಲರೂ ತಿಳಿಯದೆ ಹಾಕಿದ್ದರು, ನಾನು ತಿಳಿದು ಹಾಕಿದ್ದೆ. ಸೊನ್ನೆಯೂ ನನ್ನದೇ ಎಂದು ಹೇಳದೆ, ಚಹಾದ ಲೋಟ ತಂದು ಅವಳ ಮುಂದಿಟ್ಟೆ.

ಅವಳು ಹಾಳೆ ಎತ್ತಿಕೊಂಡಳು. ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ‘ಹಂಗಾರ ಈ ಸಲ ನಾ ಕೀ ಪ್ರಕಾರನ ಬರೀತೀನ್ರಿ. ನನಗ ಸೀಟ್ ಬೇಕ್ರಿ ಮೇಡಮ್’ ಎಂದಳು. ಚಹಾ ಕುಡಿದು, ಲೋಟವನ್ನು ತಾನೇ ಒಳಗೆ ಇಟ್ಟುಬಂದು, ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ನಾನು ಎರಡು ದಿನ ಎಲ್ಲರ ಮೇಲೂ ಹರಿಹಾಯ್ದೆ. ಹಾಲಿನವನ ಮೇಲೆ, ಟಿ.ವಿ.ಯ ಮೇಲೆ, ರೈಲಿನ ಗುಂಪಿನ ಮೇಲೆ. ಹೊಲಸು ನನ್ನ ಒಳಗಿದೆ ಎಂದು ಗೊತ್ತಾದವರು ಸಾಮಾನ್ಯವಾಗಿ ಮಾಡುವ ಕೆಲಸ ಇದೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಪೂರಕ ಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂತು. ಅಧ್ಯಕ್ಷರು ಹಳೆಯ ಪ್ರಶ್ನೆಗಳನ್ನೇ ತಿರುವಿ ಹಾಕುವವರಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಬರೆದವರು ಕಡಿಮೆ, ಕಟ್ಟುಗಳು ಎರಡೇ, ತಿದ್ದಲು ನಾವು ನಾಲ್ಕು ಜನ. ಅಧ್ಯಕ್ಷರು ಅದೇ ಕೀಯನ್ನು ಓದಿ ತಕರಾರು ಕೇಳಿದರು. ಈ ಸಲ ನಾನು ಎದ್ದು ನಿಂತೆ. ಇದು ಬ್ಯಾಕ್ಟೀರಿಯಾದ ಉತ್ತರ, ಕೇಳಿದ್ದು ಬೆನ್ನೆಲುಬಿರುವ ಪ್ರಾಣಿಗಳದ್ದು, ಸರಿ ಉತ್ತರ ಹೀಗೆ ಹೀಗೆ ಎಂದು ಹೇಳಿದೆ. ದೊಡ್ಡ ಕಾಳಗಕ್ಕೆ ತಯಾರಾಗಿ ಎರಡು ಪುಸ್ತಕವನ್ನೂ ಹೊತ್ತು ತಂದಿದ್ದೆ.

‘ಹೌದೇನ್ರಿ? ಮೊದ್ಲ ಹೇಳಬಾರದೇನ್ರಿ ಮೇಡಮ್ಮಾರ?’ ಎಂದರು ಅಧ್ಯಕ್ಷರು. ಕಾಳಗ ಮುಗಿಯಿತು. ಪುಸ್ತಕ ತೆರೆಯಲೂ ಬಿಡದೆ ಪೆನ್ನು ತೆಗೆದು ಹಳೆಯ ಉತ್ತರವನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನು ಬರೆದುಕೊಂಡರು. ಎಲ್ಲ ಸೇರಿ ಎರಡು ನಿಮಿಷ ಹಿಡಿದಿರಬಹುದು. ಆಮೇಲೆ ಪೆನ್ನಿನ ತುದಿ ಕಚ್ಚುತ್ತ, ‘ಎರಡಕ್ಕೂ ಮಾರ್ಕ್ಸ್ ಕೊಟ್ಟಬಿಡೂಣಲ್ರಿ? ಗೈಡ್ ಓದಿ ಬರದ ಹುಡುಗರದೇನ್ ತಪ್ಪೈತ್ರಿ’ ಎಂದರು.

‘ತಪ್ಪು ಅಂದ್ರ ತಪ್ಪ ಸರ್. ತಪ್ಪಿಗೆಲ್ಲಾ ಮಾರ್ಕ್ಸ್ ಕೊಡಾಕ ಇದು ಪ್ರಸಾದ ಅಲ್ರಿ’ ಎಂದೆ.

‘ಹೌದಲ್ರಿ ಮತ್ತ’ ಎಂದು ಅವರು ಕಾಗದವನ್ನು ಸಹಿಗೆ ದೂಡಿದರು. ನನ್ನ ಬೆನ್ನು ನೆಟ್ಟಗಾಗಿತ್ತು. ಸತ್ಯದ ಪರ ಮಾತಾಡಿದ ಹಿಗ್ಗಿನಲ್ಲಿ, ನಮ್ಮ ಮನೆಯ ಕುರ್ಚಿಯ ತುದಿಯಲ್ಲಿ ಕೂತು ಒಬ್ಬಳು ಹೇಳಿದ ಮಾತು ನನಗೆ ನೆನಪಾಗಲಿಲ್ಲ. ಮಧ್ಯಾಹ್ನ ಅವಳ ಪತ್ರಿಕೆ ತೆರೆದಾಗ ನೆನಪಾಯಿತು.

ಒಂದೂವರೆ ಪುಟ. ಗುರುತಿನ ಸಾಲು, ಅಂಟಿಕೊಳ್ಳುವ ರೈಬೋಸೋಮು, ಅಚ್ಚುಕಟ್ಟಾದ ಚಿತ್ರ, ತಲೆಬರಹದ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಬೀದಿಯಿಲ್ಲ, ಬಾಜೂದವರಿಲ್ಲ, ನಡುವೆ ಇಣುಕುವ ಮರಾಠಿಯೂ ಇಲ್ಲ. ಕೀಯನ್ನು ಅಕ್ಷರಶಃ ಬಾಯಿಪಾಠ ಮಾಡಿದ್ದಳು. ಉಳಿದ ಪ್ರಶ್ನೆಗಳಿಂದ ಅವಳಿಗೆ ಇಪ್ಪತ್ತೊಂದು ಬಂದಿತ್ತು. ಇನ್ನು ಮೂರು ಬೇಕು. ಬೆಳಿಗ್ಗೆ ನಾನೇ ತಿದ್ದಿಸಿದ ಕೀ ಪ್ರಕಾರ ಈ ಉತ್ತರಕ್ಕೆ ಸೊನ್ನೆ.

ಪತ್ರಿಕೆಯನ್ನು ಮಡಚಿಟ್ಟೆ. ಎದ್ದು ಅಧ್ಯಕ್ಷರ ಮೇಜಿಗೆ ಹೋದೆ. ‘ಸರ್, ನೀವ್ ಮುಂಜಾನೆ ಹೇಳಿದ್ದ ಬರೋಬರಿ ಇತ್ತ್ರಿ. ಎರಡಕ್ಕೂ ಕೊಡೂಣು’ ಎಂದೆ. ಆ ಕೋಣೆಯಲ್ಲಿ ನಾನು ತಲೆ ತಗ್ಗಿಸಿ ಆಡಿದ ಮೊದಲ ಮಾತು ಅದು.

ಕಾರಣ ಕೇಳುತ್ತಾರೆ ಎಂದುಕೊಂಡೆ. ಮುಂಜಾನೆ ಪ್ರಸಾದ ಅಂದಿರಲ್ಲ ಎಂದು ಹಂಗಿಸುತ್ತಾರೆ ಎಂದುಕೊಂಡೆ. ಅವರ ಜಾಗದಲ್ಲಿ ನಾನಿದ್ದರೆ ಹಂಗಿಸದೆ ಬಿಡುತ್ತಿರಲಿಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಡ್ರಾದಿಂದ ಕೀ ತೆಗೆದು, ಕೆಳಗೆ ಒಂದು ಸಾಲು ಸೇರಿಸಿದರು. ತಾವೇ ಎದ್ದು ಮೇಜಿನಿಂದ ಮೇಜಿಗೆ ಹೋಗಿ ಉಳಿದವರ ಸಹಿ ಮತ್ತೊಮ್ಮೆ ಹಾಕಿಸಿಕೊಂಡು ಬಂದರು. ‘ಆತ್ರಿ ಮೇಡಮ್ಮಾರ, ಹೋಗಿ ಹಾಕ್ರಿ’ ಎಂದರು.

ನಾನು ಹೋಗಿ ಹತ್ತಕ್ಕೆ ಹತ್ತು ಹಾಕಿದೆ. ಒಂದೇ ಹುಡುಗಿಯ ಸರಿ ಉತ್ತರಕ್ಕೆ ಸೊನ್ನೆ, ತಪ್ಪು ಉತ್ತರಕ್ಕೆ ಹತ್ತು. ಎರಡನ್ನೂ ಹಾಕಿದ್ದು ನಾನೇ, ಇಡೀ ಮಂಡಳಿಯಲ್ಲಿ ಆ ಪಾಠ ಗೊತ್ತಿದ್ದ ಒಬ್ಬಳೇ ಒಬ್ಬಳು.

ಫಲಿತಾಂಶ ಬಂದ ದಿನ ಅವಳ ಫೋನು ಬಂತು. ಹಿಂದೆ ಬಸ್ಸಿನ ಸದ್ದಿತ್ತು, ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು.

‘ಮೇಡಮ್, ಪಾಸಾದ್ನಿರಿ. ಸೀಟ್ ಉಳೀತ್ರಿ. ನೀವ್ ಕಲಿಸಿದ್ದು ಒಂದಕ್ಷರಾನೂ ಬರೀಲಿಲ್ಲ ನೋಡ್ರಿ ಈ ಸಲ.’

‘ಛಲೋ ಆತವಾ’ ಎಂದೆ.